ರಿಲೇಷನಲ್ ಆಚೆಗಿನ ಡೇಟಾಬೇಸ್: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಎಸ್‌ಕ್ಯುಎಲ್, ನಾರ್ಮಲೈಸೇಷನ್, ಟ್ರಾನ್ಸಾಕ್ಷನ್ ಓದಿ ಆಗಿದೆ. ಮೊಂಗೋಡಿಬಿ (ಡಾಕ್ಯುಮೆಂಟ್ ಡೇಟಾಬೇಸ್), ಕಸಾಂಡ್ರ (ಹಲವು ಯಂತ್ರಗಳಿಗೆ ಹಂಚಿದ ಟೇಬಲ್), ನಿಯೋ4ಜೆ (ಗ್ರಾಫ್, ಅಂದರೆ ಸಂಬಂಧಗಳ ಜಾಲ) ಮೂರರ ಟ್ಯುಟೋರಿಯಲ್ಲೂ ಮುಗಿಯಿತು. ಆದರೂ ಯಾವುದನ್ನು ಯಾವಾಗ ಬಳಸಬೇಕು ಅಂದರೆ ತಲೆ ಖಾಲಿ. ಕೈಯಲ್ಲಿ ಹತ್ತು ವಾರ, 16 ಜಿಬಿ ಲ್ಯಾಪ್‌ಟಾಪ್. ಅನುಭವಸ್ಥರು ದಾರಿ ತೋರಿಸಿ.

ಉತ್ತರ 1: ಮೊದಲ ಮೂರು ವಾರ ಯಾವ ಪ್ರಾಡಕ್ಟನ್ನೂ ಮುಟ್ಟಬೇಡಿ. ಸಣ್ಣದೊಂದು ಎಲ್‌ಎಸ್‌ಎಂ (ಲಾಗ್-ಸ್ಟ್ರಕ್ಚರ್ಡ್ ಮರ್ಜ್, ಕಸಾಂಡ್ರದ ಒಳಗಿರುವ ಥರದ್ದು) ಸ್ಟೋರ್ ನೀವೇ ಬರೆಯಿರಿ, ಇನ್ನೂರು ಮುನ್ನೂರು ಸಾಲು ಸಾಕು. ಬರಹ ಮೊದಲು ಲಾಗ್‌ಗೆ, ಆಮೇಲೆ ಮೆಮೊರಿಯ ಸಾರ್ಟೆಡ್ ಮ್ಯಾಪ್‌ಗೆ. ಸಾವಿರ ಕೀ ತುಂಬಿದಾಗ ಒಂದು ಫೈಲಾಗಿ ಡಿಸ್ಕಿಗೆ ಇಳಿಸಿ. ಫೈಲುಗಳು ಹೆಚ್ಚಿದರೆ ಮರ್ಜ್ ಮಾಡಿ. ಎಲ್ಲರೂ ಎಡವುವುದು ಡಿಲೀಟ್‌ನಲ್ಲಿ: ಮೆಮೊರಿಯಿಂದ ಕೀ ತೆಗೆದರೆ ಹಳೆ ಫೈಲಿನಲ್ಲಿರುವ ಬೆಲೆ (ವ್ಯಾಲ್ಯೂ) ಮತ್ತೆ ಜೀವ ಪಡೆಯುತ್ತದೆ. ಅದಕ್ಕೇ ‘ಅಳಿಸಿದೆ’ ಅನ್ನುವ ಗುರುತನ್ನೇ, ಅಂದರೆ ಟೂಂಬ್‌ಸ್ಟೋನ್ ಅನ್ನು, ಬರೆಯಬೇಕು. ಕಸಾಂಡ್ರ ಅದನ್ನು ಡೀಫಾಲ್ಟ್ ಆಗಿ 8,64,000 ಸೆಕೆಂಡು, ಅಂದರೆ 10 ದಿನ, ಯಾಕೆ ಇಟ್ಟುಕೊಳ್ಳುತ್ತದೆ ಅನ್ನುವುದು ಆಗ ತಾನಾಗಿಯೇ ಹೊಳೆಯುತ್ತದೆ. ಅದಕ್ಕಿಂತ ಹೆಚ್ಚು ದಿನ ಬಿದ್ದಿದ್ದ ನೋಡ್ (ಕ್ಲಸ್ಟರಿನ ಒಂದು ಯಂತ್ರ) ರಿಪೇರ್ (ಪ್ರತಿಗಳನ್ನು ಹೋಲಿಸಿ ಸರಿಪಡಿಸುವುದು) ಇಲ್ಲದೆ ವಾಪಸ್ ಬಂದರೆ, ಅಳಿಸಿದ ಸಾಲುಗಳನ್ನೂ ಜೊತೆಗೆ ತರಬಹುದು.

ಉತ್ತರ 2: ಮೇಲಿನದಕ್ಕೆ ನನ್ನದೂ ಒಂದು ಓಟು. ಬ್ಲೂಮ್ ಫಿಲ್ಟರನ್ನೂ (ಫೈಲ್ ತೆರೆಯದೆಯೇ ‘ಈ ಕೀ ಇಲ್ಲಿಲ್ಲ’ ಅನ್ನುವ ಸಣ್ಣ ಬಿಟ್ ಪಟ್ಟಿ) ಸೇರಿಸಿ. ಕೀಗೆ 10 ಬಿಟ್ ಕೊಟ್ಟರೆ ಸುಳ್ಳು ‘ಇದೆ’ ಸುಮಾರು 1%ಗೆ ಇಳಿಯುತ್ತದೆ.

ಕಸಾಂಡ್ರಕ್ಕೆ ಬಂದಾಗ ಟೇಬಲ್‌ಗಿಂತ ಮುಂಚೆ ಕ್ವೆರಿಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ‘ಒಂದು ಸೆನ್ಸರಿನ ಒಂದು ದಿನದ ರೀಡಿಂಗ್, ಹೊಸದು ಮೊದಲು’ ಅನ್ನುವುದು ಕ್ವೆರಿಯಾದರೆ, ಪಾರ್ಟಿಷನ್ ಕೀ (ಸಾಲು ಯಾವ ನೋಡ್‌ಗೆ ಅಂತ ತೀರ್ಮಾನಿಸುವುದು) ಸೆನ್ಸರ್ ಮತ್ತು ದಿನಾಂಕ ಎರಡೂ ಸೇರಿ. ಕ್ಲಸ್ಟರಿಂಗ್ ಕೀ (ಪಾರ್ಟಿಷನ್ ಒಳಗೆ ಸಾಲುಗಳ ಕ್ರಮ) ಸಮಯ, ಇಳಿಕೆ ಕ್ರಮದಲ್ಲಿ. ಸೆನ್ಸರ್ ಒಂದನ್ನೇ ಇಟ್ಟರೆ? ಸೆಕೆಂಡಿಗೊಂದು ರೀಡಿಂಗ್ ಅಂದರೂ ದಿನಕ್ಕೆ 86,400 ಸಾಲು, ವರ್ಷಕ್ಕೆ 3 ಕೋಟಿಗೂ ಮೇಲೆ, ಎಲ್ಲ ಒಂದೇ ಪಾರ್ಟಿಷನ್ನಿಗೆ. ಒಂದು ಪಾರ್ಟಿಷನ್ 100 ಎಂಬಿ ದಾಟದಂತೆ ನೋಡಿಕೊಳ್ಳುವುದು ರೂಢಿ. ದಿನಾಂಕ ಒಂದನ್ನೇ ಇಟ್ಟರೆ ಆ ದಿನದ ಬರಹವೆಲ್ಲ ಅವೇ ಎರಡು ಮೂರು ನೋಡ್‌ಗಳ ತಲೆ ಮೇಲೆ.

ಎರಡನೇ ಕ್ವೆರಿಗೆ ಎರಡನೇ ಟೇಬಲ್, ಅದೇ ಡೇಟಾ ಮತ್ತೊಮ್ಮೆ. ನಾರ್ಮಲೈಸೇಷನ್ ಅರೆದು ಕುಡಿದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ! ‘ಅಲೋ ಫಿಲ್ಟರಿಂಗ್ (ಸಾಲುಗಳನ್ನು ತಡಕಿ ಸೋಸಲು ಅನುಮತಿ) ಹಾಕಿ’ ಅಂತ ಎರರ್ ಬಂದರೆ ಹಾಕಬೇಡಿ. ಒಂದು ಟೇಬಲ್ ಕಮ್ಮಿ ಇದೆ ಅಂತ ತಿಳಿಯಿರಿ.

ಉತ್ತರ 3: ಡಾಕರ್‌ನಲ್ಲಿ (ಒಂದೇ ಲ್ಯಾಪ್‌ಟಾಪಿನಲ್ಲಿ ಹಲವು ಯಂತ್ರಗಳಿದ್ದಂತೆ ನಡೆಸುವ ಸಾಧನ) ಕಸಾಂಡ್ರದ ಮೂರು ನೋಡ್ ಎಬ್ಬಿಸಿ, ರೆಪ್ಲಿಕೇಷನ್ 3 (ಪ್ರತಿ ಸಾಲಿಗೂ ಮೂರು ಪ್ರತಿ), ಒಂದೊಂದಕ್ಕೂ 512 ಎಂಬಿ ಹೀಪ್ (ಮೆಮೊರಿ). ಮೂರನ್ನೂ ಒಟ್ಟಿಗೆ ಎಬ್ಬಿಸಿದರೆ ಸೇರ್ಪಡೆ ಕೆಡುತ್ತದೆ. ನೋಡ್‌ಟೂಲ್ ಸ್ಟೇಟಸ್‌ನಲ್ಲಿ ‘ಯುಎನ್’ (ಅಪ್, ನಾರ್ಮಲ್) ಕಂಡ ಮೇಲೆ ಮುಂದಿನದು. ಈಗ ಒಂದನ್ನು ನಿಲ್ಲಿಸಿ: ಕೋರಂ (ಪ್ರತಿಗಳ ಬಹುಮತ) ಅಂದರೆ 2, ಕೆಲಸ ನಡೆಯುತ್ತದೆ. ಎರಡನ್ನು ನಿಲ್ಲಿಸಿದರೆ ‘ಒನ್’ (ಒಂದು ಪ್ರತಿ ಉತ್ತರಿಸಿದರೆ ಸಾಕು ಅನ್ನುವ ಮಟ್ಟ) ಮಾತ್ರ ನಡೆಯುತ್ತದೆ.

ಹಳೆ ಬೆಲೆ ಕಣ್ಣಾರೆ ನೋಡಬೇಕಾದರೆ ಮೊದಲೇ ಎಲ್ಲ ನೋಡ್‌ಗಳಲ್ಲೂ ಹಿಂಟೆಡ್ ಹ್ಯಾಂಡಾಫ್ ಆಫ್ ಮಾಡಿ. ಇಲ್ಲದಿದ್ದರೆ ಬಿದ್ದ ನೋಡ್ ಎದ್ದ ಕೂಡಲೇ ತಪ್ಪಿದ ಬರಹಗಳು ತಲುಪಿಬಿಡುತ್ತವೆ, ಪ್ರಯೋಗ ಠುಸ್. ಒಂದು ನೋಡ್ ನಿಲ್ಲಿಸಿ, ‘ಒನ್’ನಲ್ಲಿ ಬರೆದು, ಅದನ್ನು ಎಬ್ಬಿಸಿ ಅಲ್ಲಿಂದಲೇ ‘ಒನ್’ನಲ್ಲಿ ಓದಿ. ಓದು 1, ಬರಹ 1, ಕೂಡಿದರೆ 2, ಪ್ರತಿಗಳು 3. ಮೊತ್ತ ಪ್ರತಿಗಳ ಸಂಖ್ಯೆಯನ್ನು ಮೀರದಿದ್ದರೆ ಹೊಸ ಬೆಲೆ ಸಿಗುವ ಖಾತರಿ ಇಲ್ಲ. ಕ್ಯಾಪ್ ಥಿಯರಂ (ಕನ್ಸಿಸ್ಟೆನ್ಸಿ, ಅವೈಲಬಿಲಿಟಿ, ಪಾರ್ಟಿಷನ್ ಟಾಲರೆನ್ಸ್) ಓದುವುದು ಇದಾದ ಮೇಲೆ. ‘ಮೂರರಲ್ಲಿ ಎರಡು ಆರಿಸು’ ಅನ್ನುವ ಸಾಲನ್ನು ಮರೆತುಬಿಡಿ. ನೆಟ್‌ವರ್ಕ್ ಒಡೆದಾಗ ಮಾತ್ರ ಮೊದಲೆರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಬರುವುದು.

ಪ್ರಶ್ನೆ ಕೇಳಿದವರು: ಮೊಂಗೋ, ಗ್ರಾಫ್?

ಉತ್ತರ 4: ಮೊಂಗೋಗೆ ಒಂದು ವಾರ ಸಾಕು. ಡಾಕ್ಯುಮೆಂಟಿನ ಮಿತಿ 16 ಎಂಬಿ, ಹಾಗಾಗಿ ಬೆಳೆಯುತ್ತಲೇ ಹೋಗುವ ಅರೇಯನ್ನು (ಕಾಮೆಂಟ್ ಥರದ್ದು) ಒಳಗೆ ತುರುಕಬೇಡಿ. ಎಕ್ಸ್‌ಪ್ಲೇನ್‌ನಲ್ಲಿ (ಕ್ವೆರಿ ಹೇಗೆ ನಡೆಯಿತು ಅಂತ ತೋರಿಸುವ ಆಜ್ಞೆ) ತಡಕಿದ ಡಾಕ್ಯುಮೆಂಟ್ ಎಷ್ಟು, ಮರಳಿಸಿದ್ದು ಎಷ್ಟು ನೋಡಿ. ಐವತ್ತು ಸಾವಿರ ತಡಕಿ ಹತ್ತು ಕೊಟ್ಟಿದ್ದರೆ ಇಂಡೆಕ್ಸ್ ಇಲ್ಲ, ಇದ್ದರೂ ಉಪಯೋಗಕ್ಕೆ ಬರುತ್ತಿಲ್ಲ.

ಗ್ರಾಫ್‌ಗೆ ಮುಂಚೆ ‘ಗೆಳೆಯರ ಗೆಳೆಯರು ಯಾರು’ ಥರದ ಪ್ರಶ್ನೆಯನ್ನು ಪೋಸ್ಟ್‌ಗ್ರೆಸ್‌ನಲ್ಲಿ (ಎಸ್‌ಕ್ಯುಎಲ್ ಡೇಟಾಬೇಸ್) ರಿಕರ್ಸಿವ್ ಕ್ವೆರಿಯಾಗಿ (ತನ್ನ ಫಲಿತಾಂಶದ ಮೇಲೇ ಮತ್ತೆ ನಡೆಯುವುದು) ಬರೆಯಿರಿ, ಹೋಲಿಕೆ ಅಲ್ಲೇ ಸಿಗುತ್ತದೆ. ಸೈಫರ್‌ನಲ್ಲಿ (ನಿಯೋ4ಜೆಯ ಕ್ವೆರಿ ಭಾಷೆ) ಆಳದ ಮಿತಿ ಹಾಕದೆ ಬರೀ ನಕ್ಷತ್ರ (*, ‘ಎಷ್ಟು ಹೆಜ್ಜೆಯಾದರೂ ಸರಿ’) ಬಿಡಬೇಡಿ: ಒಬ್ಬೊಬ್ಬರಿಗೆ 50 ಗೆಳೆಯರಿದ್ದರೆ ನಾಲ್ಕೇ ಹೆಜ್ಜೆಗೆ 62.5 ಲಕ್ಷ ದಾರಿ.

ಉತ್ತರ 1ರವರು: ಪೇಪರ್ ಓದುವುದಿದ್ದರೆ 2006ರ ಬಿಗ್‌ಟೇಬಲ್ ಮೊದಲು, 2007ರ ಡೈನಮೋ ಆಮೇಲೆ (ಮೊದಲನೆಯದು ಗೂಗಲ್‌ನದು, ಎರಡನೆಯದು ಅಮೆಜಾನ್‌ನದು). ಕಸಾಂಡ್ರದ ಡೇಟಾ ಜೋಡಣೆ ಮೊದಲನೆಯದರಿಂದ, ರಿಂಗ್ (ಕೀಗಳನ್ನು ನೋಡ್‌ಗಳಿಗೆ ಹಂಚುವ ಉಂಗುರ) ಎರಡನೆಯದರಿಂದ ಬಂದದ್ದು. ಸ್ಟೋರ್ ಬರೆಯುವ ಮುಂಚೆ ಓದಿದರೆ ಅರ್ಧ ತಲೆಗೆ ಹತ್ತುವುದಿಲ್ಲ, ನಾಲ್ಕನೇ ವಾರಕ್ಕೆ ಇಟ್ಟುಕೊಳ್ಳಿ.