ಹಳೆ ಮನೆ ಸಾಮಾನು ಹೊಸ ಮನೆಗೆ ಬಳಸಿದವರು ಖರ್ಚು ಹೇಳಿ

ಮಾಳಮಡ್ಡಿ, ಧಾರವಾಡ: ಅಜ್ಜ ಕಟ್ಟಿಸಿದ ಮನೆ ಕೆಡವಿ 30×40ರಲ್ಲಿ ಹೊಸದು ಕಟ್ಟಿಸುತ್ತಿದ್ದೇವೆ. ಇಟ್ಟಂಗಿ, ಸಾಗವಾನಿ ತೊಲೆ ಸುಮ್ನೆ ಎಸೆಯಲು ಮನಸ್ಸಿಲ್ಲ. ಮತ್ತೆ ಬಳಸಿದರೆ ದುಡ್ಡು ಉಳಿಯುತ್ತದಾ?

ವಿದ್ಯಾನಗರ, ಹುಬ್ಬಳ್ಳಿ: ನಮ್ಮದು ಗಚ್ಚಿನ, ಅಂದರೆ ಸುಣ್ಣದ ಗಾರೆಯ ಗೋಡೆ. ಜೆಸಿಬಿ ಬಿಡದೆ ಆಳು ಹಚ್ಚಿ ಬಿಚ್ಚಿಸಿದೆ. ಜೆಸಿಬಿಯವನು 18 ಸಾವಿರ ಕೇಳಿದ್ದ, ಆಳಿಗೆ 64 ಸಾವಿರ ಹೋಯಿತು. ಇಟ್ಟಂಗಿಗೆ ಅಂಟಿದ ಗಾರೆ ಕೆರೆಯಲು ಒಂದಕ್ಕೆ 2 ರೂಪಾಯಿ ಬೇರೆ. ಬಡಿಗ ಮೊಳೆ ಕೀಳದೆ ತೊಲೆಯನ್ನು ಸಾಮಿಲ್‌ಗೆ ಕೊಟ್ಟ. ಬ್ಲೇಡಿನ ಹಲ್ಲು ಮುರಿಯಿತು, 1,400 ನನ್ನಿಂದಲೇ ವಸೂಲಿ! ಆದರೂ ಹೊಸ ಸಾಗವಾನಿ ರೇಟು ಕೇಳಿದ ಮೇಲೆ ಸಮಾಧಾನ ಆಯಿತು. ಆಗ ನಕ್ಕ ನೆರೆಯವರು ಈಗ ನಮ್ಮ ಬಾಗಿಲು ಮುಟ್ಟಿ ಮುಟ್ಟಿ ನೋಡುತ್ತಾರೆ.

ಬೆಟಗೇರಿ, ಗದಗ: ಗಚ್ಚು ಇದ್ದವರ ಮಾತು ಬೇರೆ ರೀ. ನಮ್ಮದು ಸಿಮೆಂಟ್ ಗೋಡೆ, ಕಿತ್ತರೆ ಅರ್ಧಕ್ಕರ್ಧ ಚೂರು. ನಾನು ಉಳಿಸಿದ್ದು ಹೊಸ ರಾಡಿನಲ್ಲಿ. 12 ಮೀಟರ್ ರಾಡನ್ನು ಬೆಂಡರ್ (ರಾಡು ಕತ್ತರಿಸಿ ಬಗ್ಗಿಸುವವನು) ಸಿಕ್ಕಲ್ಲಿ ಕತ್ತರಿಸುತ್ತಾನೆ. ಎಂಜಿನಿಯರ್‌ಗೆ 6 ಸಾವಿರ ಕೊಟ್ಟು ಯಾವ ರಾಡಿಗೆ ಯಾವ ತುಂಡು ಅಂತ ಪಟ್ಟಿ ಬರೆಸಿದೆ. 12 ಎಂಎಂ ರಾಡು ಮೀಟರಿಗೆ 888 ಗ್ರಾಂ. ಎರಡಡಿ ತುಂಡು ಎಸೆದರೆ ಅರ್ಧ ಕೆಜಿ ಮೇಲೆ ಹೋಯಿತು. ಗುಜರಿಯವನು ಕೊಂಡ ಬೆಲೆಯ ಅರ್ಧ ಕೊಟ್ಟರೆ ಪುಣ್ಯ. ಬೆಂಡರ್ ಸಿಟ್ಟಾಗಿ ಕೆಲಸ ಬಿಟ್ಟ. ಹೊಸಬ ಟನ್ನಿಗೆ ಸಾವಿರ ಜಾಸ್ತಿ ಕೇಳಿದ.

ಹಾವೇರಿ: ತುಂಡು ಲೆಕ್ಕ ಹಿಡಿದು ತಲೆ ಮೇಲೆ ನಿಂತರೆ ಯಾರು ಉಳಿಯುತ್ತಾರೆ? ನಾನು ಒಡೆದ ಕಾಂಕ್ರೀಟೆಲ್ಲ ಪಾಯದ ಒಳಗೆ ತುಂಬಿಸಿದೆ. ಗರಸಿನ ದುಡ್ಡು ಉಳಿಯಿತು.

ವಿದ್ಯಾನಗರ: ಎರೆ ನೆಲದಲ್ಲಾ? ಸಂದಿನಲ್ಲಿ ನೀರು ಇಳಿದರೆ ನೆಲದ ಫರ್ಸಿ ಕುಸಿಯುತ್ತದೆ.

ಹಾವೇರಿ: ನಮ್ಮದು ಕೆಂಪು ಮಣ್ಣು. ಸಣ್ಣ ಒಡೆಸಿ, ನೀರು ಹಾಕಿ, ಪದರ ಪದರ ದಮ್ಮಸು ಮಾಡಿಸಿದ್ದೇನೆ. ಜಲ್ಲಿ, ಮರಳಿನ ಸರ್ಕಾರಿ ಮಾನದಂಡ ಐಎಸ್ 383ರ 2016ರ ಆವೃತ್ತಿ ನೋಡಿ. ಎಂ25 ದರ್ಜೆವರೆಗಿನ ಆರ್‌ಸಿಸಿಗೂ (ರಾಡು ಹಾಕಿದ ಕಾಂಕ್ರೀಟು) ಹಳೆ ಕಾಂಕ್ರೀಟಿನ ಜಲ್ಲಿ 20% ಹಾಕಬಹುದು.

ಬೆಟಗೇರಿ: ಅದು ಕ್ರಷರ್‌ನಲ್ಲಿ ಒಡೆದು, ಜರಡಿ ಹಿಡಿದು, ಟೆಸ್ಟ್ ಮಾಡಿದ ಜಲ್ಲಿಗೆ. ನಿಮ್ಮ ಸುತ್ತಿಗೆ ಚೂರಿಗಲ್ಲ.

ಹಾವೇರಿ: ಸ್ಲ್ಯಾಬಿಗೆ ಹಾಕಿದೆ ಅಂತ ಎಲ್ಲಿ ಹೇಳಿದೆ? ಮೊದಲು ಆ ಬೆಂಡರ್ ಬಾಕಿ ಕೊಡಿ.

ಬೆಟಗೇರಿ: ಒಂದು ಪೈಸೆ ಬಾಕಿ ಇಲ್ಲ. ನನ್ನ 8 ಸಾವಿರ ಮುಂಗಡವೇ ಅವನ ಹತ್ತಿರ ಉಳಿದಿದೆ. ಗೊತ್ತಿಲ್ಲದೆ ಮಾತಾಡಬೇಡಿ.

ಮಾಳಮಡ್ಡಿ: ನಮ್ಮದೂ ಗಚ್ಚಿನ ಗೋಡೆಯೇ. ಕೈಯಿಂದ ಬಿಚ್ಚುವ ಆಳು ಎಲ್ಲಿ ಸಿಗುತ್ತಾರೆ, ಅಷ್ಟು ಹೇಳ್ರಿ.

ವಿದ್ಯಾನಗರ: ನಮಗೆ ನವನಗರ ಕಡೆಯವರು ಬಂದಿದ್ದರು. ಊಟ, ಚಹಾ ಬೇರೆ ಕೊಡಬೇಕು. ಮೇಲಿನ 64 ಸಾವಿರದಲ್ಲಿ ಅದು ಸೇರಿಲ್ಲ.