ದೇಚು ಕೌದಿಗೆ ಬಂದ ಮಿಲಿಟರಿ ಬಣ್ಣ

ರಾಣಿ ಕಲರು, ಗಿಳಿಹಸಿರು, ರಾಮಾ ಗ್ರೀನು, ಎಂ.ಎಸ್. ಬ್ಲೂ, ಮಸ್ಟರ್ಡು, ಆನಿಯನ್ ಪಿಂಕು, ಸಾಲದ್ದಕ್ಕೆ ಕಣ್ಣು ಕುಕ್ಕೋ ಒಂದು ನೇರಳೆ, ಇಷ್ಟೂ ಒಂದೇ ಕೌದೀಲಿ ಬರಬೇಕು ಅಂತ ದೇಚು ಹಠ. ಮಗಳು ಬೆಂಗಳೂರಲ್ಲಿ ಫ್ಲಾಟ್ ತಗೊಂಡಿದಾಳೆ, ಗೋಡೆ ಬಿಳಿ, ಸೋಫಾ ಬೂದಿ, ಕರ್ಟನ್ನೂ ಬೂದಿ. "ಆ ಮನೇಲಿ ಬಣ್ಣ ಅಂತ ಇರೋದು ಫ್ರಿಜ್ಜೊಳಗಿನ ಟೊಮೇಟೊ ಒಂದೇ ಮಾರಾಯ್ತಿ, ನಾನು ಕೌದಿ ಕಳಿಸಿ ಸರಿ ಮಾಡ್ತೀನಿ" ಅಂತ ಹಳೆ ಸೀರೆ ಎಲ್ಲಾ ಕತ್ತರಿಸಿ ಜಗಲಿ ಮೇಲೆ ಹರಡ್ಕೊಂಡು ಕೂತಿದ್ಲು. ಮಡಿಕೇರಿ ಮಳೆ ಗೊತ್ತಲ್ಲ, ಜುಲೈಲಿ ಹೊರಗೆ ಹೋಗೋ ಹಾಗಿಲ್ಲ, ತೋಟದ ಕೆಲಸನೂ ಇಲ್ಲ, ಹಾಗಾಗಿ ನಾವೆಲ್ಲ ಅಭಿಪ್ರಾಯ ಕೊಡೋಕೆ ಅಂತ್ಲೇ ಅಲ್ಲಿ ಸೇರಿದ್ವಿ. ಅಭಿಪ್ರಾಯಕ್ಕೆ ಜೊತೆಗೆ ಕಾಫಿ, ಕರಿದ ಹಲಸಿನ ಹಪ್ಪಳ.

ದೇಚು ಗಂಡ ಬೋಪಣ್ಣ, ರಿಟೈರ್ಡ್ ಸುಬೇದಾರ್, ಮೂಲೇಲಿ ಪೇಪರ್ ಹಿಡ್ಕೊಂಡು ಕೂತಿದ್ರು. "ಆನಿಯನ್ನು, ಮಸ್ಟರ್ಡು... ಇದು ಬಟ್ಟೆನಾ ಒಗ್ಗರಣೆನಾ?"

"ಬಾಟಲ್ ಗ್ರೀನ್ ಅಂತಾನೂ ಇದೆ."

"ಹಾಂ, ಅದು ಪರವಾಗಿಲ್ಲ" ಅಂತ ಪೇಪರ್ ಇಳಿಸಿದ್ರು.

ಶಾಂತಲಾ ಹುಬ್ಬಳ್ಳಿಯವಳು, ಬ್ಯಾಂಕಲ್ಲಿ ಟ್ರಾನ್ಸ್‌ಫರ್ ಆಗಿ ಇಲ್ಲಿ ಬಂದು ಮಳೆಗೆ ಸಿಕ್ಕಾಕೊಂಡಿದಾಳೆ. ನಮ್ಮಲ್ಲಿ ಕೌದಿ ಬಗ್ಗೆ ನಿಜವಾಗಿ ಗೊತ್ತಿರೋದು ಅವಳಿಗೇ. ತುಂಡುಗಳನ್ನ ಒಂದ್ಸಲ ನೋಡಿ, "ಅಲ್ರೀ ದೇಚಮ್ಮಾರ, ಹಿಂಗ ಎಲ್ಲಾರೂ ಒಮ್ಮೆಲೇ ಒದರಾಕತ್ರ ಕೇಳೋರ್ ಯಾರ್ರೀ? ಒಬ್ಬರು ಮಾತಾಡಬೇಕಂದ್ರ ನಾಕ್ ಮಂದಿ ಸುಮ್ನ ಇರಬೇಕಲ್ರೀ" ಅಂದ್ಲು.

"ನಮ್ಮನೇಲಿ ಆ ಪದ್ಧತಿ ಇಲ್ಲ" ಅಂತ ಬೋಪಣ್ಣ.

ಲೀಲಾ ಟೀಚರ್ ಅಷ್ಟೊತ್ತಿಗೆ ಫೋನ್ ತೆಗೆದಿದ್ರು. ಹೈಸ್ಕೂಲಲ್ಲಿ ಸೈನ್ಸ್ ಹೇಳಿಕೊಟ್ಟು ರಿಟೈರ್ ಆದೋರು, ಈಗ ಕ್ರೋಶ ಹಿಡಿದಿದಾರೆ, ಆದ್ರೂ ಕೈಲಿ ಚಾಕ್‌ಪೀಸ್ ಇದೆ ಅಂತ್ಲೇ ಮಾತಾಡೋದು. ತುಂಡುಗಳ ಫೋಟೊ ತೆಗೆದು, ಎಡಿಟಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನಮ್ಮ ಮುಂದೆ ಹಿಡಿದ್ರು. ಕೆಂಪು ಯಾವುದು ಹಸಿರು ಯಾವುದು ಗೊತ್ತಾಗ್ಲಿಲ್ಲ, ರಾಣಿ ಕಲರೂ ಎಂ.ಎಸ್. ಬ್ಲೂನೂ ಒಂದೇ ಬೂದಿ, ಇಡೀ ಜಗಲಿನೇ ಒಂದು ಬೂದಿ ಹಾಳೆ. "ನೋಡು, ನಿನ್ನ ಮಗಳ ಸೋಫಾ" ಅಂದ್ರು.

ದೇಚು ಮುಖ ನೋಡ್ಬೇಕಿತ್ತು. ನನಗೆ ನಗು ತಡ್ಕೊಳಕ್ಕೆ ಹಪ್ಪಳ ಬೇಕಾಯ್ತು.

"ಬಣ್ಣ ಬೇರೆ ಬೇರೆ ಇದ್ರೆ ಸಾಲಲ್ಲ ದೇಚು, ಗಾಢ-ತಿಳಿ ಬೇರೆ ಇರಬೇಕು. ಇವೆಲ್ಲ ಒಂದೇ ಮಟ್ಟದ ಗಾಢ, ಒಂದೇ ನಮೂನೆ ಹೊಳಪು. ಹತ್ರದಿಂದ ಕಣ್ಣು ಕುಕ್ಕುತ್ತೆ, ದೂರ ಹೋದ್ರೆ ಕಲಸಿಹೋಗುತ್ತೆ. ಬೋಪಣ್ಣ, ನಿಮ್ಮ ಕುಪ್ಯ ತನ್ನಿ ಸ್ವಲ್ಪ."

ಕುಪ್ಯ ಬಂತು, ಕೊಡವ ಗಂಡಸರು ಮದುವೆಗೆ ಹಾಕೋ ಉದ್ದ ಕೋಟು. ಕುಪ್ಯ ತಂದ್ರೆ ಸುಬೇದಾರ್ರು ಅದರ ಮೇಲೆ ಸೊಂಟಕ್ಕೆ ಸುತ್ತೋ ಚೇಲೆ ತರದೇ ಇರ್ತಾರಾ, ಅದೂ ಬಂತು, ಪೀಚೆಕತ್ತಿನೂ ತರಕ್ಕೆ ಹೊರಟಿದ್ರು, ದೇಚು ತಡೆದ್ಲು. ಟೀಚರ್ ಕಪ್ಪು ಕುಪ್ಯನ ಬೆಂಚ್ ಮೇಲೆ ಹಾಸಿ ಮೇಲೆ ಚೇಲೆ ಬಿಟ್ರು. ನಾನು ಇದನ್ನ ಎಷ್ಟು ಮದುವೇಲಿ ನೋಡಿದೀನೋ, ಆದ್ರೆ ಹೀಗೆ ಬೆಂಚ್ ಮೇಲೆ ಇಟ್ಟು ನೋಡಿರ್ಲಿಲ್ಲ. ಕುಪ್ಯದ ಬಟ್ಟೆ ಬೆಳಕನ್ನ ಪೂರ್ತಿ ಕುಡಿದು ಬಿಡುತ್ತೆ, ಒಂಚೂರು ವಾಪಸ್ ಕೊಡಲ್ಲ. ಚೇಲೆ ರೇಷ್ಮೆ, ಮಡಿಕೆ ಮಡಿಕೇಲೂ ಒಂದೊಂದು ಕೆಂಪು, ಉಬ್ಬಿದ ಕಡೆ ಹೆಚ್ಚುಕಮ್ಮಿ ಕಿತ್ತಳೆ, ಒಳಗೆ ಬಿದ್ದ ಕಡೆ ಕುಂಕುಮಕ್ಕಿಂತ ಗಾಢ, ಅಂಚಲ್ಲಿ ಜರಿ. ಒಂದೇ ಬಣ್ಣದಲ್ಲಿ ಅದ್ದಿದ ಒಂದೇ ಬಟ್ಟೆ! ಅದೇ ಕೆಂಪನ್ನ ಮಂಕು ಕಾಟನ್ನಲ್ಲಿ ಮಾಡಿ ಕಟ್ಟಿದ್ರೆ ಯಾರೂ ತಿರುಗಿ ನೋಡಲ್ಲ.

"ಎರಡೇ ಬಣ್ಣ, ಒಂದು ಜರಿ. ನಿಮ್ಮ ಹಿರಿಯರಿಗೆ ಇಷ್ಟು ಸಾಕಾಗಿತ್ತು" ಅಂದ್ರು ಟೀಚರ್.

"ಮೊದ್ಲು ಈ ಚೇಲೆ ಇನ್ನೊಂದು ಸುತ್ತು ಬರ್ತಿತ್ತು, ಈಗ ತೇವಕ್ಕೆ ಗಿಡ್ಡ ಆಗಿದೆ" ಅಂತ ಬೋಪಣ್ಣ ಗಂಭೀರವಾಗಿ ಹೇಳಿದ್ರು. ಯಾರೂ ಏನೂ ಹೇಳ್ಲಿಲ್ಲ. ಅವರ ಹೊಟ್ಟೆ ಕಡೆ ನೋಡಿದ್ರೂ ಅಷ್ಟೇ.

ದೇಚು ಸೋಲೋಳಲ್ಲ. "ಆದ್ರೆ ನೇರಳೆ ಬೇಕೇ ಬೇಕು, ಈ ಕಪ್ಪಿನ ಪಕ್ಕ ಇಡ್ತೀನಿ" ಅಂತ ಒಂದು ಕಪ್ಪು ತುಂಡಿನ ಪಕ್ಕ ಇಟ್ಲು. ಕಪ್ಪು ತೊಳೆದು ತೊಳೆದು ಹಳೇದಾದ ಹಾಗೆ ಕಾಣಕ್ಕೆ ಶುರುವಾಯ್ತು. ಪಾಪ, ಹೊಸಾ ಬಟ್ಟೆ ಅದು.

ಟೀಚರಿಗೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? "ಪ್ಯಾರಿಸ್ಸಲ್ಲಿ ಗೋಬೆಲಿನ್ ಅಂತ ರಾಜರ ಕಾಲದ ನೇಯ್ಗೆ ಕಾರ್ಖಾನೆ. 1824ರಲ್ಲಿ ಅಲ್ಲಿಯ ಬಣ್ಣದ ವಿಭಾಗಕ್ಕೆ ಶೆವ್ರೊಲ್ ಅಂತ ಕೆಮಿಸ್ಟ್ ಬಂದ. ನೇಯುವವರ ಕಂಪ್ಲೇಂಟ್ ಏನು, ಕಪ್ಪು ಬಣ್ಣಕ್ಕೆ ದಮ್ಮಿಲ್ಲ ಅಂತ. ಇವನು ಪರೀಕ್ಷೆ ಮಾಡಿ ನೋಡಿದ್ರೆ ಕಪ್ಪು ಸರಿಯಾಗೇ ಇದೆ, ತಪ್ಪು ಪಕ್ಕದ ನೀಲಿ-ನೇರಳೆದು. ಪಕ್ಕದಲ್ಲಿ ಯಾರು ಕೂತಿದಾರೆ ಅನ್ನೋದರ ಮೇಲೆ ಬಣ್ಣನೇ ಬದಲಾಗುತ್ತೆ ಅಂತ 1839ರಲ್ಲಿ ದೊಡ್ಡ ಪುಸ್ತಕ ಬರೆದ. 102 ವರ್ಷ ಬದುಕಿದ."

"102 ವರ್ಷ? ಮದುವೆ ಆಗಿತ್ತಾ?" ಬೋಪಣ್ಣ ಕೇಳಿದ್ರು.

"ಆಗಿತ್ತು."

"ಹಂಗಾದ್ರೆ ಪಕ್ಕದಲ್ಲಿ ಕೂತೋರು ಒಳ್ಳೇರು."

ದೇಚು ಒಂದು ನೋಟ ಬಿಟ್ಲು, ಸುಬೇದಾರ್ರು ಪೇಪರೊಳಗೆ ಹೋದ್ರು.

ಅಷ್ಟರಲ್ಲಿ ಶಾಂತಲಾ ಕೂತಿದ್ದ ಕಾರ್ಪೆಟ್ ವಿಷಯ ಬಂತು. ಅದು ಬೈಲಕುಪ್ಪೆದು, ಕುಶಾಲನಗರ ದಾಟಿದ್ರೆ ಸಿಗೋ ಟಿಬೆಟಿಯನ್ ಕ್ಯಾಂಪಿಂದು, 1961ರಿಂದ ಅವರು ಅಲ್ಲಿದಾರೆ, ಕಾರ್ಪೆಟ್ಟೂ ಅವರ ಜೊತೆಗೇ ಬಂದ ವಿದ್ಯೆ. ಶಾಂತಲಾ ಸುಮ್ನೆ ಕೈ ಆಡಿಸ್ತಾ ಕೂತಿದ್ಲು, "ಅಯ್ಯ, ಈ ಕಡೆ ಸವರಿದ್ರ ಕಪ್ಪಗ ಕಾಣತೈತಿ, ಆ ಕಡೆ ಸವರಿದ್ರ ಬೆಳ್ಳಗ, ಡಾಗ್ ಬಿದ್ದೈತೇನ್ರೀ?" ಅಂದ್ಲು. ಡಾಗೂ ಇಲ್ಲ ಏನೂ ಇಲ್ಲ. ಅವರು ನೇಯುವಾಗ ಉಣ್ಣೆ ನೂಲನ್ನ ಒಂದು ಸರಳಿಗೆ ಸುತ್ತಿ ಸುತ್ತಿ ಕೂರಿಸಿ, ಆಮೇಲೆ ಆ ಸುತ್ತನ್ನ ಕತ್ತರಿಸ್ತಾರೆ, ಆಗ ನೂಲು ನೆಟ್ಟಗೆ ನಿಲ್ಲುತ್ತೆ. ತುದಿ ನಮ್ಮ ಕಡೆ ಇದ್ರೆ ಬೆಳಕು ಒಳಗೆ ಇಳಿದು ಬಣ್ಣ ಗಾಢ, ನೂಲು ಮಲಗಿದ್ರೆ ಮೈ ಹೊಳೆದು ತಿಳಿ. ವೆಲ್ವೆಟ್ಟೂ ಹಾಗೇ, ಅದಕ್ಕೇ ಒಳ್ಳೆ ಟೈಲರ್ ವೆಲ್ವೆಟ್ ಬ್ಲೌಸಿನ ತುಂಡೆಲ್ಲ ಒಂದೇ ದಿಕ್ಕಿಗೆ ಕತ್ತರಿಸೋದು. ಬಟ್ಟೆ ಉಳಿಸಕ್ಕೆ ಹೋಗಿ ತೋಳು ಉಲ್ಟಾ ಹಾಕಿದ್ರೆ ಒಂದು ತೋಳು ಬೇರೆಯವರದ್ದು ಅನ್ಸುತ್ತೆ. ನನ್ನ ಕೇಳಿದ್ರೆ ಬಣ್ಣದ ಅಂಗಡಿಗೆ ಹೋಗೋ ಮುಂಚೆ ಇಂಥ ಕಾರ್ಪೆಟ್ ಮೇಲೆ ಅರ್ಧ ಗಂಟೆ ಕೈ ಆಡಿಸಬೇಕು, ಎಷ್ಟೋ ದುಡ್ಡು ಉಳಿಯುತ್ತೆ.

ಹಾಗಾದ್ರೆ ಕೌದಿಗೆ ಸುಮ್ಮನಿರೋ ಬಣ್ಣ ಬೇಕು, ಮಂಕಾಗಿರಬೇಕು, ಹೊಳೀಬಾರ್ದು ಅಂತ ತೀರ್ಮಾನ ಆಯ್ತು. ದೇಚು ತಾನೇ ಬಣ್ಣ ಕಟ್ಟೋದು ಅಂದ್ಲು. ಬೀಟ್ರೂಟ್ ಹಾಕ್ತೀನಿ ಅಂದಿದ್ದಕ್ಕೆ ಟೀಚರ್ "ಮೊದಲನೇ ಒಗೆತಕ್ಕೇ ಮೋರಿಗೆ ಹೋಗುತ್ತೆ" ಅಂದ್ರು. ಅರಿಶಿನ ಬಿಸಿಲಿಗೆ ಹಾರಿಹೋಗುತ್ತೆ ಅಂದ್ರು. "ಬಿಸಿಲು ಎಲ್ಲಿದೆ ಟೀಚರೇ, ಅಕ್ಟೋಬರ್ ತನಕ ಗ್ಯಾರಂಟಿ ಇದೆ" ಅಂತ ಪೇಪರ್ ಹಿಂದಿಂದ. ಕಾಫಿ ಚರಟ ಕುದಿಸಿದ್ರೆ ತಿಳಿ ಕಂದು ಬರುತ್ತೆ, ಅದನ್ನ ಒಪ್ಪಿದ್ವಿ, ತೋಟದವರ ಮನೇಲಿ ಚರಟಕ್ಕೆ ಬರ ಇಲ್ಲ. ಇನ್ನೊಂದಕ್ಕೆ ದಾಳಿಂಬೆ ಸಿಪ್ಪೆ, ಪಟಕದ (ಆಲಂ) ನೀರಲ್ಲಿ ಮೊದಲು ಬಟ್ಟೆ ಅದ್ದಿಟ್ರೆ ಒಳ್ಳೆ ಹಳದಿ ನಿಲ್ಲುತ್ತೆ ಅಂತ ಟೀಚರ್ ಲೆಕ್ಕ ಹಾಕಿ ಕೊಟ್ರು.

ಪಾತ್ರೆ ವಿಷಯಕ್ಕೆ ಗಲಾಟೆ. ದೇಚು ಕಣ್ಣು ಬಿದ್ದಿದ್ದು ಪಂದಿಕರಿ (ಹಂದಿ ಸಾರು) ಪಾತ್ರೆ ಮೇಲೆ. ಸುಬೇದಾರ್ರು ಎದ್ದು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತ್ರು. "ಗಡೀಲಿ ನಿಂತಿದ್ದೆ, ಇಲ್ಲೂ ನಿಲ್ತೀನಿ." ಈ ವಿಷಯದಲ್ಲಿ ನಾನೂ ಅವರ ಪಕ್ಷವೇ, ಬಣ್ಣ ಕಟ್ಟೋ ಪಾತ್ರೇಲಿ ಮತ್ತೆ ಅಡುಗೆ ಮಾಡಬಾರ್ದು. ಆಕಡೆ ಟೀಚರ್ ಉಣ್ಣೆಗೆ ಹುಳಿ ಬೇಕು, ವಿನೆಗರ್ ಇದ್ರೆ ಬಣ್ಣ ಚೆನ್ನಾಗಿ ಹಿಡಿಯುತ್ತೆ ಅಂತ ಏನೋ ಹೇಳ್ತಿದ್ರು, ಅದೂ ಅಂಗಡಿ ಬಣ್ಣಕ್ಕೆ, ದೇಚು ಪೂರ್ತಿ ಕೇಳಿಸ್ಕೊಳ್ದೆ ಪಂದಿಕರಿಗೆ ಹಾಕೋ ಹುಳಿ, ಕಾಚಂಪುಳಿ ಬಾಟಲಿಗೆ ಕೈ ಹಾಕಿದ್ಲು. ಬೋಪಣ್ಣನ ಧ್ವನಿ ಒಡೀತು. "ಪಾತ್ರೆ ಬೇಕಾದ್ರೆ ತಗೋ. ಅದು ಬೇಡ."

ಕೊನೆಗೆ ಹಿತ್ತಲಲ್ಲಿ ಬಿದ್ದಿದ್ದ ಹಳೇ ಕಬ್ಬಿಣದ ಬಾಣಲೆ ಸಿಕ್ತು. ದಾಳಿಂಬೆ ಸಿಪ್ಪೆ ಕುದೀತು, ಬಟ್ಟೆ ಇಳೀತು, ನಾವು ಇನ್ನೊಂದು ರೌಂಡ್ ಕಾಫಿ ಮುಗಿಸಿ ಬಂದು ಕೋಲಲ್ಲಿ ಎತ್ತಿ ನೋಡಿದ್ರೆ ಹಳದಿ ಎಲ್ಲಿ? ಹಸಿರೂ ಅಲ್ಲ, ಕಂದೂ ಅಲ್ಲ, ಬೂದಿನೂ ಅಲ್ಲ. ಟೀಚರ್ ಹಣೆ ಚಚ್ಕೊಂಡ್ರು, ಸಿಪ್ಪೇಲಿರೋ ಒಗರು ಬಾಣಲೆ ಕಬ್ಬಿಣದ ಜೊತೆ ಸೇರಿದ್ರೆ ಬಣ್ಣ ಕಪ್ಪಿನ ಕಡೆಗೇ ಓಡೋದು, ಹಳೇ ಕಾಲದ ಮಸಿನೂ ಹಾಗೇ ಮಾಡ್ತಿದ್ದಿದ್ದು, ಪಾತ್ರೆ ಯಾವುದು ಅಂತ ಕೇಳಬೇಕಿತ್ತು ಅಂತ. ಅದೇ ನೀರಲ್ಲಿ ಬಿದ್ದ ಕಾಟನ್ ತುಂಡು ಒಂದು ಬಣ್ಣ, ರೇಷ್ಮೆ ತುಂಡು ಇನ್ನೊಂದು, ಉಣ್ಣೆ ನೂಲು ಮತ್ತೊಂದು. ನೂಲಿನ ಜಾತಿ ಬೇರೆ ಆದ್ರೆ ಬಣ್ಣ ಹಿಡಿಯೋದೂ ಬೇರೆ.

ಬೋಪಣ್ಣ ಮಾತ್ರ ಬಾಣಲೆ ಮುಂದೆ ಅಟೆನ್ಷನ್ನಲ್ಲಿ ನಿಂತಿದ್ರು. "ಆಲಿವ್ ಗ್ರೀನ್!" ಅಂದ್ರು. ಮೂವತ್ತು ವರ್ಷದ ಸರ್ವೀಸಲ್ಲಿ ಅವರಿಗೆ ಹೆಸರು ಗೊತ್ತಿರೋ ಬಣ್ಣ ಅದೊಂದೇ.

ದೇಚುಗೆ ಅಳು ಬರೋದೊಂದು ಬಾಕಿ, ಆದ್ರೆ ಶಾಂತಲಾ ಆ ತುಂಡುಗಳನ್ನ ಹಿಂಡಿ, ಇಸ್ತ್ರಿಲಿ ಒಣಗಿಸಿ (ಬೇರೆ ದಾರಿ ಇಲ್ಲ, ಹಗ್ಗದ ಮೇಲೆ ಹಾಕಿದ್ರೆ ಒಣಗೋ ಮುಂಚೆ ಬೂಷ್ಟು) ರಾಣಿ ಕಲರಿಗೂ ಗಿಳಿಹಸಿರಿಗೂ ಮಧ್ಯ ಒಂದೊಂದೇ ಇಟ್ಕೊಂಡು ಹೋದ್ಲು. ಜಗಳ ನಿಂತೋಯ್ತು. ರಾಣಿ ಕಲರ್ ಇದ್ದಕ್ಕಿದ್ದಂಗೆ ಎದ್ದು ಕಾಣ್ತು, ಗಿಳಿಹಸಿರು ತನ್ನ ಪಾಡಿಗೆ ತಾನಿತ್ತು, ದೇಚು ಪ್ರೀತಿಯ ನೇರಳೆಗೂ ಒಂದು ಮೂಲೆ ಸಿಕ್ತು, ಕಪ್ಪಿಂದ ದೂರ. ಟೀಚರ್ ಮತ್ತೆ ಬ್ಲ್ಯಾಕ್ ಅಂಡ್ ವೈಟ್ ಫೋಟೊ ತೆಗೆದ್ರು, ಈ ಸಲ ಅದರಲ್ಲೂ ಡಿಸೈನ್ ಕಾಣ್ತಿತ್ತು.

"ಮಿಲಿಟರಿ ಇಳಿದ್ರೆ ಹಂಗೇ. ಶಾಂತಿ" ಅಂತ ಯಾರು ಹೇಳಿದ್ರು ಅಂತ ಬೇರೆ ಹೇಳಬೇಕಾ.

ಹೊಲಿಗೆ ಶಾಂತಲಾ ಉಸ್ತುವಾರಿ. ಉತ್ತರ ಕನ್ನಡದ ಕಡೆ ಸಿದ್ದಿ ಹೆಂಗಸರು ಅಂಚಿಂದ ಶುರುಮಾಡಿ ಸುತ್ತು ಹಾಕ್ತಾ ಹಾಕ್ತಾ ನಡುವಿಗೆ ಬರ್ತಾರಂತೆ, ನಾಲ್ಕು ಮೂಲೆಗೂ ಮಡಿಚಿದ ಪುಟ್ಟ ತುಂಡು ಹೂವು ಅಂತ ಕೂರಿಸ್ತಾರಂತೆ, ಹಾಗೇ ಮಾಡೋಣ ಅಂದ್ಲು. ಬಿಳಿ ದಾರದ ಓಟದ ಹೊಲಿಗೆ ಸಾಲು ಸಾಲಾಗಿ ಬಂದಂಗೆ ಬಟ್ಟೆ ಸಣ್ಣಗೆ ಸುಕ್ಕಾಗಿ, ಪ್ರತಿ ಸುಕ್ಕಿಗೂ ಒಂಚೂರು ನೆರಳು, ಬಿಳಿ ಚುಕ್ಕಿ ಬಿದ್ದು ರಾಣಿ ಕಲರ್ ದೂರದಿಂದ ಒಂದು ದರ್ಜೆ ತಿಳಿ. ಅಂದ್ರೆ ದಾರದ ಬಣ್ಣ ಆರಿಸೋದೂ ಬಟ್ಟೆ ಆರಿಸಿದಷ್ಟೇ ಕೆಲಸ. ಕೆಂಪು ತುಂಡನ್ನ ಮಾತ್ರ ಮೊದಲೇ ಒದ್ದೆ ಮಾಡಿ ಬಿಳಿ ಕರ್ಚೀಫಲ್ಲಿ ಒತ್ತಿ ನೋಡಿದ್ವಿ, ಬಣ್ಣ ಬಿಡುತ್ತಾ ಅಂತ. ಬಿಡ್ತು. ಕರ್ಚೀಫ್ ಬೋಪಣ್ಣಂದು. ಆ ತುಂಡು ಕೌದಿಗೆ ಸೇರ್ಲಿಲ್ಲ.

"ಇನ್ನೊಂದು ವಾರಕ್ಕೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3" ದೇಚು ಸೂಜಿ ನಿಲ್ಲಿಸಿ ಅಂದ್ಲು. "ಅವತ್ತು ಪಾಯಸಕ್ಕೆ ಹಾಕೋ ಮದ್ದು ಸೊಪ್ಪು ಕುದಿಸಿದ ನೀರು ಎಂಥಾ ನೇರಳೆ ಇರುತ್ತೆ ಅಲ್ವಾ ಟೀಚರೇ? ಪಾಯಸಕ್ಕೆ ಸ್ವಲ್ಪ ಇಟ್ಟು ಉಳಿದಿದ್ರಲ್ಲಿ ಒಂದು ಸೀರೆ ಅದ್ದಿದ್ರೆ?"

"ಹದಿನೆಂಟು ಔಷಧಿ ಇರೋ ಸೊಪ್ಪು ಅದು, ಸೀರೆಗೇನು ಕಾಯಿಲೆ?" ಅಂದ್ರು ಬೋಪಣ್ಣ.

ಶಾಂತಲಾಗೆ ಇದು ಹೊಸದು. "ಪಾಯಸ ನೇರಳೆ ಇರತದ? ಆ ಬಣ್ಣ ನಿಲ್ಲತೈತೇನ್ರೀ?"

"ನಿಲ್ಲಲ್ಲಮ್ಮ" ಅಂತ ಸುಬೇದಾರ್ರು ಪೇಪರ್ ಮಡಚಿ ಎದ್ರು, "ಮಾರನೇ ದಿನ ಬೆಳಿಗ್ಗೆ ಬಾತ್‌ರೂಮಿಗೆ ಹೋದಾಗ ಪೂರ್ತಿ ಹೊರಗೆ ಬರುತ್ತೆ. ಹೆದರ್ಕೊಂಡು ಡಾಕ್ಟರಿಗೆ ಫೋನ್ ಮಾಡ್ಬೇಡ ಅಂತ ಈಗ್ಲೇ ಹೇಳ್ತಿದೀನಿ."