ಮಕ್ಕಳ ಜೊತೆ ಎರಡು ರಾತ್ರಿ ಟೆಂಟ್, ಜೊತೆಗೆ ಕಲ್ಲು ಆರಿಸುವ ಹುಚ್ಚು: ಏನು ತಯಾರಿ ಬೇಕು?

ಜೋಳಿಗೆ (ಪ್ರಶ್ನೆ)

ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ದೊಡ್ಡವರು ಇಬ್ಬರು. ಹೊಳೆಯ ಪಕ್ಕ ಎರಡು ರಾತ್ರಿ ಟೆಂಟ್ ಹಾಕಬೇಕು ಅಂತ ಇದೆ. ದೊಡ್ಡ ಮಗಳಿಗೆ ಕಲ್ಲು ಕೂಡಿಡುವ ಹುಚ್ಚು. ಮನೆಯಲ್ಲಿ ಈಗಾಗಲೇ ಎರಡು ಡಬ್ಬಿ ತುಂಬಿವೆ, ಯಾವುದು ಏನು ಅಂತ ಯಾರಿಗೂ ಗೊತ್ತಿಲ್ಲ.

ಸುತ್ತಿಗೆ, ಉಳಿ ಒಯ್ಯಬೇಕಾ? ಅಲ್ಲೇ ಕೂತು ಕಲ್ಲು ಗುರುತಿಸೋಕೆ ಮಕ್ಕಳ ಕೈಯಲ್ಲಿ ಆಗುವಂಥ ಪರೀಕ್ಷೆ ಇದೆಯಾ? ಟೆಂಟನ್ನು ನೀರಿಗೆ ಎಷ್ಟು ಹತ್ತಿರ ಹಾಕಬಹುದು? ಎಲ್ಲಕ್ಕಿಂತ ದೊಡ್ಡ ಚಿಂತೆ, ಕಲ್ಲಿನ ಸಂದಿಗೆ ಕೈ ಹಾಕಿದಾಗ ಹಾವೋ ಚೇಳೋ ಇದ್ದರೆ ಏನು ಮಾಡೋದು? "ಹುಷಾರಾಗಿರಿ" ಅನ್ನೋ ಉತ್ತರ ದಯವಿಟ್ಟು ಬೇಡ. ಹೇಗೆ ಹುಷಾರಾಗಿರೋದು ಅಂತ ಹೇಳಿ.

ಬೆಣಚು

ಹೊರಡೋ ಮೊದಲು ಆ ಜಾಗದಲ್ಲಿ ಕಲ್ಲು ಎತ್ತಬಹುದಾ ಅಂತ ವಿಚಾರಿಸಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಸಾಮಾನ್ಯವಾಗಿ ಕಲ್ಲು, ಗರಿ, ಎಲುಬು ಯಾವುದನ್ನೂ ತರುವಂತಿಲ್ಲ. ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿ.

ಸುತ್ತಿಗೆ ಬೇಡ. ಹೊಳೆಯಲ್ಲಿ ಒಡೆಯುವ ಕೆಲಸವನ್ನು ನೀರೇ ಮಾಡಿ ಮುಗಿಸಿರುತ್ತೆ. ಮೆದು ಕಲ್ಲು ಸವೆದು ಹೋಗಿ ಗಟ್ಟಿಯವು ಉಳಿದಿರುತ್ತವೆ. ಜಲ್ಲಿಯಲ್ಲಿ ಬೆಣಚುಕಲ್ಲು, ಅದರದೇ ಜಾತಿಯ ಅಗೇಟ್, ಜಾಸ್ಪರ್ ಹೆಚ್ಚು ಕಾಣೋದು ಅದಕ್ಕೇ. ದೊಡ್ಡವರು ಏನಾದರೂ ಒಡೆಯಲೇಬೇಕು ಅಂದರೂ ಬಡಗಿಯ ಸುತ್ತಿಗೆ ಮುಟ್ಟಬೇಡಿ. ಅದನ್ನು ಹದ ಮಾಡಿರೋದು ಮೊಳೆ ಹೊಡೆಯೋಕೆ. ಕಲ್ಲಿಗೋ ಉಳಿಗೋ ಬಿದ್ದರೆ ಅದರ ಅಂಚಿನಿಂದಲೇ ಉಕ್ಕಿನ ಚೂರು ಸಿಡಿಯಬಹುದು. ಭೂವಿಜ್ಞಾನದವರು ಬಳಸುವ, ಸುಮಾರು 600 ಗ್ರಾಂ ತೂಕದ ಸುತ್ತಿಗೆಯೇ ಬೇಕು. ಕಣ್ಣಿಗೆ ಬದಿಯೂ ಮುಚ್ಚಿರುವ ಕನ್ನಡಕ, ಮಕ್ಕಳು ದೂರ. ಚಾಚಿಕೊಂಡಿರುವ ಬಂಡೆಯ ಕೆಳಗೆ ನಿಂತು ಮಾತ್ರ ಯಾರೂ ಬಡಿಯಬಾರದು.

ಹುಡುಕೋಕೆ ಒಳ್ಳೆಯ ಹೊತ್ತು ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿದ್ದಾಗ. ಸೂರ್ಯನ ಕಡೆಗೆ ಮುಖ ಮಾಡಿ ನಡೆದರೆ ಅಗೇಟಿನಂಥ ಅರೆಪಾರದರ್ಶಕ ಕಲ್ಲುಗಳು ಒಳಗಿಂದ ಹೊಳೆದ ಹಾಗೆ ಕಾಣುತ್ತವೆ. ಒಣಗಿದ ಕಲ್ಲೆಲ್ಲ ಬೂದು ಬೂದು, ಅದಕ್ಕೇ ನೀರು ಚಿಮುಕಿಸುವ ಒಂದು ಸಣ್ಣ ಬಾಟಲಿ ಇರಲಿ.

ಪರೀಕ್ಷೆಯ ಸಾಮಾನು ಒಂದು ಪೆನ್ಸಿಲ್ ಡಬ್ಬಿಯಲ್ಲಿ ಹಿಡಿಯುತ್ತೆ: ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಒಂದು ಉಕ್ಕಿನ ಮೊಳೆ, ಅಂಚು ಉಜ್ಜಿದ ಗಾಜಿನ ತುಂಡು, ಮೆರುಗು ಇಲ್ಲದ ಬಿಳಿ ಟೈಲ್ ಚೂರು, ಅಯಸ್ಕಾಂತ, ಡ್ರಾಪರ್ ಬಾಟಲಿಯಲ್ಲಿ ವಿನೆಗರ್.

ಗಡಸುತನದಿಂದ ಶುರು ಮಾಡಿ. 1812ರಲ್ಲಿ ಫ್ರೆಡ್ರಿಕ್ ಮೋಸ್ ಹಾಕಿಕೊಟ್ಟ 1ರಿಂದ 10ರ ಅಳತೆಯಲ್ಲಿ ಉಗುರು ಸುಮಾರು 2.5, ಗಾಜು 5.5ರ ಹತ್ತಿರ, ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7. ಗಾಜನ್ನು ಕೈಯಲ್ಲಿ ಹಿಡಿಯದೆ ಗಟ್ಟಿ ನೆಲದ ಮೇಲೆ ಚಪ್ಪಟೆಯಾಗಿಡಿ. ಕಲ್ಲಿನ ಚೂಪು ಮೂಲೆಯನ್ನು ಒತ್ತಿ ಒಂದು ಸೆಂಟಿಮೀಟರ್ ಎಳೆಯಿರಿ, ಬಿಳಿ ಗೆರೆ ಬರುತ್ತೆ. ಎಲ್ಲರೂ ಎಡವೋದು ಇಲ್ಲೇ. ಗೆರೆ ಕಂಡ ಕೂಡಲೇ "ಗಾಜು ಗೀರಿತು" ಅಂತ ತೀರ್ಮಾನ! ಬೆರಳು ಒದ್ದೆ ಮಾಡಿ ಒರೆಸಿ. ಗೆರೆ ಅಳಿಸಿಹೋದರೆ ಅದು ಕಲ್ಲಿನದೇ ಪುಡಿ, ಅಂದರೆ ಕಲ್ಲು ಗಾಜಿಗಿಂತ ಮೆದು. ಒರೆಸಿದ ಮೇಲೂ ಉಳಿದು, ಉಗುರು ಅಡ್ಡ ಹಾಯಿಸಿದಾಗ ತಡೆದರೆ ಗಾಜು ನಿಜವಾಗಿ ಗೀರಿದೆ.

ಹೊಳೆಗಲ್ಲು ಗುಂಡಗಿರೋದರಿಂದ ಚೂಪು ಮೂಲೆ ಸಿಗದೇ ಇರಬಹುದು. ಆಗ ಮೊಳೆಯಿಂದ ಕಲ್ಲನ್ನೇ ಗೀರಿ. ಕ್ಯಾಲ್ಸೈಟಿನ ಮೇಲೆ ಗುಳಿ ಬೀಳುತ್ತೆ. ಬೆಣಚಿನ ಮೇಲೆ ಬೀಳೋದು ಪೆನ್ಸಿಲ್ ಎಳೆದಂಥ ಬೂದು ಗೆರೆ ಮಾತ್ರ, ಸವೆದದ್ದು ಮೊಳೆ.

"ಚಿನ್ನ ಸಿಕ್ತು" ಅಂತ ಮಕ್ಕಳು ಓಡಿ ಬಂದಾಗ ಟೈಲ್ ತೆಗೆಯಿರಿ. ಚಿನ್ನದ ಹಾಗೆ ಹೊಳೆಯುವ ಪೈರೈಟ್ ಉಜ್ಜಿದರೆ ಹಸಿರು ಮಿಶ್ರಿತ ಕಪ್ಪು ಗೆರೆ, ಚಿನ್ನವಾದರೆ ಹಳದಿ. ಪದರ ಪದರವಾಗಿ ಉಗುರಿಗೇ ಎದ್ದು ಬರೋದು ಕಾಗೆಬಂಗಾರ, ಟೈಲ್ ತನಕ ಹೋಗೋದೇ ಬೇಡ.

ಗೂಟ

ಟೆಂಟಿನ ಬಗ್ಗೆ. ನೀರಿನಿಂದ ಕನಿಷ್ಠ 60 ಮೀಟರ್ ದೂರ, ದೊಡ್ಡವರ ಹೆಜ್ಜೆಯಲ್ಲಿ 80 ಹೆಜ್ಜೆ. ಆದರೆ ದೂರಕ್ಕಿಂತ ಎತ್ತರ ಮುಖ್ಯ. ದಂಡೆಯ ಪೊದೆಗಳನ್ನು ನೋಡಿ: ಕೊಂಬೆಗಳಲ್ಲಿ ಒಣಹುಲ್ಲು, ಕಡ್ಡಿ, ಕೆಸರು ಸಿಕ್ಕಿಹಾಕಿಕೊಂಡಿದ್ದರೆ ನೀರು ಅಲ್ಲಿವರೆಗೆ ಬಂದಿದೆ ಅಂತ ಅರ್ಥ. ಟೆಂಟ್ ಅದಕ್ಕಿಂತ ಚೆನ್ನಾಗಿ ಮೇಲಿರಬೇಕು. ನೀವಿರುವಲ್ಲಿ ಹನಿ ಬೀಳದಿದ್ದರೂ ಮೇಲೆಲ್ಲೋ ಮಳೆಯಾದರೆ ಹೊಳೆ ಏರುತ್ತೆ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಗಾದರೆ, ಎಲೆ ಕಸ ತೇಲಿ ಬರೋಕೆ ಶುರುವಾದರೆ, ಸದ್ದು ಬದಲಾದರೆ, ಕಲ್ಲಿನ ಚೀಲ ಅಲ್ಲೇ ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಮೇಲೆ ಹತ್ತಿ. ಒಣ ಹಳ್ಳದ ಮರಳು ಎಷ್ಟೇ ಮೆತ್ತಗಿರಲಿ, ಅಲ್ಲಿ ಮಲಗಬೇಡಿ. ತಲೆ ಎತ್ತಿ ಮರವನ್ನೂ ನೋಡಿ, ಒಣಕೊಂಬೆ ನೇತಾಡುತ್ತಿದ್ದರೆ ಆ ಜಾಗ ಬಿಡಿ.

ಕೆಳಗೆ ಹಾಸುವ ಶೀಟು ಟೆಂಟಿನ ತಳಕ್ಕಿಂತ ಎಲ್ಲ ಕಡೆ 5 ಸೆಂ.ಮೀ. ಒಳಗಿರಬೇಕು. ಹೊರಗೆ ಚಾಚಿದರೆ ಮಳೆನೀರನ್ನು ಅದೇ ಹಿಡಿದು ನಿಮ್ಮ ಬೆನ್ನಡಿಗೆ ತರುತ್ತೆ. ರಾತ್ರಿ ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಿದರೆ ಬೆಳಗ್ಗೆ ಒಳಗೋಡೆ ಒದ್ದೆ. ಅದು ಸೋರಿಕೆ ಅಲ್ಲ, ನಾಲ್ಕು ಜನರ ಉಸಿರು. ಮೇಲಿನ ಗಾಳಿಕಿಂಡಿ ತೆರೆದೇ ಇರಲಿ. ಮಳೆ ಬಂತು ಅಂತ ಸ್ಟವ್ ಒಳಗೆ ತರೋದು ಮಾತ್ರ ಬೇಡವೇ ಬೇಡ. ಅದರ ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಜಲ್ಲಿ ನೆಲದಲ್ಲಿ ಗೂಟ ನಿಲ್ಲೋದಿಲ್ಲ. ಅಲ್ಲಿ ಹಗ್ಗದ ತುದಿಯನ್ನು ಮುಷ್ಟಿಗಾತ್ರದ ಕಲ್ಲಿಗೆ ಕಟ್ಟಿ. ಅದಕ್ಕೂ ಟೆಂಟಿಗೂ ನಡುವೆ, ಹಗ್ಗದ ಮೇಲೆ, ದೊಡ್ಡ ಕಲ್ಲೊಂದನ್ನು ಹೇರಿ. ಗಾಳಿ ಎಳೆದಾಗ ಸಣ್ಣ ಕಲ್ಲು ದೊಡ್ಡದಕ್ಕೆ ಒತ್ತಿಕೊಂಡು ಬಿಗಿಯಾಗುತ್ತೆ. ದೊಡ್ಡ ಕಲ್ಲಿಗೇ ನೇರ ಕಟ್ಟಿದರೆ ಅದರ ಚೂಪು ಅಂಚಿಗೆ ಉಜ್ಜಿ ಹಗ್ಗ ಸವೆಯುತ್ತೆ.

ಬೆಂಕಿ ಹಾಕೋದಾದರೆ ಸುತ್ತ ಹೊಳೆಗಲ್ಲು ಜೋಡಿಸಬೇಡಿ. ನೋಡೋಕೆ ಚೆಂದ, ಆದರೆ ಅದರ ಬಿರುಕುಗಳಲ್ಲಿ ನೀರಿರುತ್ತೆ. ಕಾದಾಗ ಆವಿಯಾಗಿ, ಹೊರಬರೋಕೆ ದಾರಿಯಿಲ್ಲದೆ ಕಲ್ಲನ್ನು ಸಿಡಿಸುತ್ತೆ. ಹೊರಮೈ ಒಣಗಿದೆ ಅನ್ನೋದು ಲೆಕ್ಕಕ್ಕೆ ಬರೋಲ್ಲ. ಆರಿಸುವಾಗ ನೀರು ಹುಯ್ದು, ಕೋಲಿಂದ ಕಲಕಿ, ಮತ್ತೆ ಹುಯ್ಯಿರಿ. ಅಂಗೈಯ ಹಿಂಭಾಗ ಹತ್ತಿರ ಹಿಡಿದಾಗ ಬಿಸಿ ತಾಗಬಾರದು.

ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಕುದಿಯಲಿ, 2000 ಮೀಟರಿಗಿಂತ ಎತ್ತರದ ಜಾಗವಾದರೆ 3 ನಿಮಿಷ.

ಹುತ್ತ

ಕಲ್ಲಿನ ಅಡಿ ಒಂದು ಮನೆ. ತಂಪು, ತೇವ, ನೆರಳು ಮೂರೂ ಅಲ್ಲಿವೆ. ಚೇಳು, ಜರಿ, ಕಪ್ಪೆ, ಹಾವು ಎಲ್ಲಕ್ಕೂ ಬೇಕಾದ್ದು ಅದೇ. ಹಾಗಾಗಿ ಕಲ್ಲು ಎತ್ತುವ ರೀತಿಯನ್ನು ಮೊದಲ ದಿನವೇ ಮಕ್ಕಳಿಗೆ ಮಾಡಿಸಿ ತೋರಿಸಿ.

ಕಲ್ಲಿನ ಹಿಂದೆ ನಿಂತುಕೊಳ್ಳಿ. ನಿಮ್ಮಿಂದ ದೂರದ ಅಂಚಿಗೆ ಕೊಕ್ಕೆಯಿರುವ ಕೋಲು ಸಿಕ್ಕಿಸಿ ನಿಮ್ಮ ಕಡೆಗೆ ಎಳೆಯಿರಿ. ಬಾಯಿ ತೆರೆಯೋದು ಆಚೆ ಕಡೆ, ಒಳಗಿದ್ದದ್ದು ಓಡೋದೂ ಆಚೆ ಕಡೆಗೇ. ಕಲ್ಲೇ ನಿಮಗೆ ಗುರಾಣಿ. ಹತ್ತಿರದ ಅಂಚನ್ನು ಹಿಡಿದು ಎತ್ತಿದರೆ ಇದೆಲ್ಲ ತಿರುಗುಮುರುಗು: ಬೆರಳು ಅದರ ಬಾಯಿಗೆ, ಕಾಲು ಅದರ ದಾರಿಗೆ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಮೆಲ್ಲಗೆ ಇಡಿ. ಪ್ರಾಣಿ ಅಲ್ಲೇ ಇದ್ದರೆ ಅದು ಪಕ್ಕಕ್ಕೆ ಸರಿಯುವ ತನಕ ಕಾಯಿರಿ. ಮಕ್ಕಳಿಗೆ ನಿಯಮ ಒಂದೇ, ಕಣ್ಣಿಗೆ ಕಾಣದ ಜಾಗಕ್ಕೆ ಕೈ ಇಲ್ಲ. ಬಿಡಿ ಜಲ್ಲಿ ಎಷ್ಟು ಬೇಕಾದರೂ ಕೆದಕಲಿ, ಬಿರುಕು, ಪೊಟರೆ, ಬಂಡೆಯ ಸಂದಿ ಬೇಡ.

ಬೂಟು ರಾತ್ರಿ ಹೊರಗಿದ್ದರೆ ಬೆಳಗ್ಗೆ ತಲೆಕೆಳಗು ಮಾಡಿ ಕುಟ್ಟಿದ ಮೇಲೆಯೇ ಕಾಲು ಹಾಕೋದು. ಇನ್ನೂ ಒಳ್ಳೆಯದು, ಚೀಲದಲ್ಲಿ ಕಟ್ಟಿ ಟೆಂಟಿನೊಳಗೆ ಇಡಿ. ಟೆಂಟಿನ ಜಿಪ್ ಪ್ರತಿ ಸಲವೂ ಪೂರ್ತಿ ಹಾಕಬೇಕು, ಮೂಲೆಯಲ್ಲಿ ನಾಲ್ಕು ಬೆರಳು ಬಿಟ್ಟರೂ ಬಿಟ್ಟಂತೆಯೇ. ತಿಂಡಿ ಟೆಂಟಿನಲ್ಲಿ ಬೇಡ, ಟೂತ್‌ಪೇಸ್ಟ್ ಸೋಪು ಕೂಡ. ಎಲ್ಲವೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಗಾಡಿಯೊಳಗೆ. ಗಾಡಿ ಹತ್ತಿರವಿಲ್ಲದಿದ್ದರೆ ಮಲಗುವ ಜಾಗದಿಂದ 60 ಮೀಟರ್ ಆಚೆ. ಚೂರು ಬಿದ್ದಲ್ಲಿಗೆ ಇಲಿ ಬರುತ್ತೆ, ಇಲಿಯ ಹಿಂದೆ ಹಾವು.

ಹಾವು ಕಡಿದರೆ ಗಾಬರಿ ಕಡಿಮೆ ಮಾಡಿ ಮಲಗಿಸಿ, ಉಂಗುರ, ಬಳೆ, ಬೂಟು ತೆಗೆಯಿರಿ. ಬಾವು ಬಂದ ಮೇಲೆ ಅವು ಬರೋಲ್ಲ. ಆ ಕೈ ಅಥವಾ ಕಾಲು ಅಲುಗದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಗಂಟೆ ಗುರುತಿಟ್ಟುಕೊಂಡು, ನಡೆಸದೆ ಹೊತ್ತುಕೊಂಡೇ ಆಸ್ಪತ್ರೆಗೆ. ಕೊಯ್ಯೋದು, ಹೀರೋದು, ಐಸ್ ಇಡೋದು, ಹಗ್ಗ ಬಿಗಿಯೋದು, ಹಾವನ್ನು ಹಿಡಿಯೋಕೆ ಹೋಗೋದು ಯಾವುದೂ ಬೇಡ. ಕೆಲವು ವಿಷದ ಹಾವು ಕಡಿದರೆ ನೋವೂ ಇಲ್ಲ, ಬಾವೂ ಇಲ್ಲ. ಅದಕ್ಕೇ "ಏನೂ ಆಗಿಲ್ಲ, ನೋಡೋಣ" ಅಂತ ಕೂರಬೇಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದು ಇದೆ ಅಂತ ಹೊರಡೋ ಮೊದಲೇ ಫೋನ್ ಮಾಡಿ ತಿಳಿದಿರಿ.

ದೊಡ್ಡ ಪ್ರಾಣಿ ಕಂಡರೆ ಮಕ್ಕಳಿಗೆ ಹೆಬ್ಬೆರಳಿನ ಲೆಕ್ಕ ಹೇಳಿಕೊಡಿ. ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ. ಪ್ರಾಣಿ ಬೆರಳ ಹಿಂದೆ ಪೂರ್ತಿ ಮರೆಯಾಗದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ. ಓಡದೆ, ಬೆನ್ನು ತೋರಿಸದೆ ಹಿಂದೆ ಸರಿಯಿರಿ. ಚಿಕ್ಕವನು ನಿಮ್ಮ ಕೈಯಳತೆಯಲ್ಲಿರಲಿ. ಜೇನು ಎದ್ದರೆ ಮಾತ್ರ ಇದಕ್ಕೆ ತದ್ವಿರುದ್ಧ: ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಬೇಕು, ಗಾಡಿಯೊಳಗೋ ಕಟ್ಟಡದೊಳಗೋ ಸೇರಬೇಕು. ನೀರಿಗೆ ಹಾರಿದರೆ ಮೇಲೆ ಕಾದಿರುತ್ತವೆ.

ಜೋಳಿಗೆ

ಎಲ್ಲರಿಗೂ ಧನ್ಯವಾದ. ಮನೆಯ ಡಬ್ಬಿಯಿಂದ ಮೂರು ಬಿಳಿ ಕಲ್ಲು ತೆಗೆದು ಗಾಜಿನ ಪರೀಕ್ಷೆ ಮಾಡಿದೆವು. ಎರಡರ ಗೆರೆ ಒರೆಸಿದರೆ ಹೋಯಿತು. ಆದರೆ ವಿನೆಗರ್ ಹಾಕಿದರೆ ಒಂದರಲ್ಲಿ ಮಾತ್ರ ಗುಳ್ಳೆ. ಇನ್ನೊಂದು ಏನಿರಬಹುದು? ಅಲ್ಟ್ರಾವಯಲೆಟ್ ಟಾರ್ಚಿನಲ್ಲಿ ಕಲ್ಲು ಹೊಳೆಯುತ್ತೆ ಅಂತಾರಲ್ಲ, ಅದು ಕೊಳ್ಳೋದು ದಂಡವಾ?

ಬೆಣಚು

ಗುಳ್ಳೆ ಬಂದದ್ದು ಕ್ಯಾಲ್ಸೈಟ್ ಇರಬೇಕು. ಇನ್ನೊಂದರ ವಿಷಯಕ್ಕೆ ಬಂದರೆ, ವಿನೆಗರ್ ತೀರಾ ಸಪ್ಪೆ ಆಮ್ಲ. ಕಲ್ಲಿನ ಮೈಮೇಲೆ ಹಾಕಿ ನೋಡಿದರೆ ಮೋಸ ಹೋಗ್ತೀರಿ. ಮೊಳೆಯಿಂದ ಗೀರಿ ಒಂದು ಚಿಟಿಕೆ ಪುಡಿ ಎಬ್ಬಿಸಿ, ಆ ಪುಡಿಯ ಮೇಲೆ ಎರಡು ಹನಿ ಬಿಟ್ಟು, ಲೆನ್ಸ್ ಹಿಡಿದು ಒಂದು ನಿಮಿಷ ಕಾಯಿರಿ. ಪುಡಿಯಲ್ಲಿ ಮಾತ್ರ ನಿಧಾನಕ್ಕೆ ಸಣ್ಣ ಗುಳ್ಳೆ ಬಂದರೆ ಡಾಲಮೈಟ್ ಇರಬಹುದು. ಆಗಲೂ ಏನೂ ಇಲ್ಲ, ಉಗುರಿನಿಂದಲೇ ಕಲ್ಲಿಗೆ ಗೀರು ಬೀಳುತ್ತೆ ಅಂದರೆ ಜಿಪ್ಸಮ್ ಇರಬಹುದು. ಜಿಪ್ಸಮ್ಮನ್ನು ಬ್ರಷ್ ಹಾಕಿ ಉಜ್ಜಿ ತೊಳೆಯಬೇಡಿ, ಮೈ ಹಾಳಾಗುತ್ತೆ. ಉಳಿದವಕ್ಕೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಇನ್ನೊಂದು: ಸೀಸದ ಗಲೀನಾ, ಪಾದರಸದ ಸಿನಬಾರ್ ಥರದವೂ ಕಲ್ಲುಗಳೇ. ಬಣ್ಣ ಚೆಂದ ಅಂತ ಚಿಕ್ಕವನು ಬಾಯಿಗೆ ಹಾಕಬಾರದು, ಊಟದ ಮೊದಲು ಕೈ ತೊಳೆಯಬೇಕು. ನಾರು ನಾರಾಗಿ ಬಿಡಿಸಿಕೊಳ್ಳುವ ಕಲ್ಲನ್ನು ಕೆರೆಯದೆ ಅಲ್ಲೇ ಬಿಡಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು.

ಹುತ್ತ

ಟಾರ್ಚ್ ದಂಡವಲ್ಲ, ಕಲ್ಲಿಗಿಂತ ಚೇಳಿಗಾಗಿ ಕೊಳ್ಳಿ. ಚೇಳಿನ ಮೇಲ್ಪೊರೆ ಆ ಬೆಳಕಿಗೆ ಹಸಿರು ನೀಲಿಯಾಗಿ ಹೊಳೆಯುತ್ತೆ, ಕತ್ತಲಲ್ಲಿ ಕೆಲವು ಮೀಟರ್ ದೂರದಿಂದಲೇ ಕಾಣುತ್ತೆ. ಮಲಗುವ ಮೊದಲು ಟೆಂಟಿನ ಸುತ್ತ, ಬೂಟಿಟ್ಟ ಜಾಗ, ಸೌದೆ ರಾಶಿ ಒಮ್ಮೆ ನೋಡಿ. ಆಗಷ್ಟೇ ಪೊರೆ ಕಳಚಿದ ಚೇಳು ಹೊಳೆಯೋಲ್ಲ, ಹಾಗಾಗಿ ಹೊಳಪು ಕಾಣಲಿಲ್ಲ ಅಂತ ಬರಿಗಾಲಲ್ಲಿ ಓಡಾಡಬೇಡಿ. ಅಗ್ಗದ ಟಾರ್ಚ್‌ಗಳು 395 ನ್ಯಾನೋಮೀಟರ್ ತರಂಗಾಂತರದ ಬೆಳಕಿನವು, ಚೇಳಿಗೆ ಅಷ್ಟು ಸಾಕು. ಕ್ಯಾಲ್ಸೈಟ್, ಫ್ಲೋರೈಟ್ ನೋಡೋಕೆ 365ರದ್ದು ಮೇಲು, ನೇರಳೆ ಬೆಳಕು ಅಡ್ಡ ಬರೋಲ್ಲ. ಎಲ್ಲ ತುಂಡೂ ಹೊಳೆಯುತ್ತೆ ಅಂತಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಡಿ. ಕಣ್ಣಿಗೆ ಹಿಡಿಯುವ ಆಟ ಬೇಡ.

ಗೂಟ

ಯಾರೂ ತೂಕದ ಮಾತು ಎತ್ತಲಿಲ್ಲ. ಬೆಣಚಿನ ಸಾಂದ್ರತೆ 2.65, ಅಂದರೆ ಎಲ್ಲ ಕಡೆ 10 ಸೆಂ.ಮೀ. ಇರುವ ಒಂದೇ ತುಂಡು 2.65 ಕೆ.ಜಿ. ಮಗುವಿನ ತೂಕದ ಹತ್ತನೇ ಒಂದು ಭಾಗ ಹೊರಿಸೋದು ಅಂತಿಟ್ಟುಕೊಂಡರೆ 26 ಕೆ.ಜಿ.ಯ ಮಗಳ ಚೀಲ ಅಲ್ಲಿಗೇ ಭರ್ತಿ. ನಿಂಬೆಹಣ್ಣಿನ ಗಾತ್ರ ಮೀರಬಾರದು, ದಿನಕ್ಕೆ ಹತ್ತು ಮಾತ್ರ, ಹನ್ನೊಂದನೆಯದು ಬೇಕಾದರೆ ಒಂದನ್ನು ವಾಪಸ್ ಇಡಬೇಕು ಅಂತ ಮಾಡಿ. ಆಯ್ಕೆ ಮಾಡುವಾಗಲೇ ಅವಳು ಕಲ್ಲನ್ನು ಸರಿಯಾಗಿ ನೋಡೋದು.

ಒಂದೊಂದನ್ನೂ ಹಳೆ ಪತ್ರಿಕೆಯಲ್ಲಿ ಸುತ್ತಿ. ನಂಬರ್, ಜಾಗ, ತಾರೀಕು ಬರೆದ ಚೀಟಿ ಒಳಗೇ ಇರಲಿ, ಬರೆಯೋದು ಪೆನ್ಸಿಲ್‌ನಲ್ಲಿ, ಪೆನ್ನಿನ ಮಸಿ ಒದ್ದೆಗೆ ಕದಡುತ್ತೆ. ಮನೆಗೆ ಬಂದು ತೊಳೆದು ಒಣಗಿಸಿದ ಮೇಲೆ ಕಲ್ಲಿನ ಮೂಲೆಯಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು ಅದೇ ನಂಬರ್ ಬರೆಯಿರಿ. ಆ ಎರಡು ಡಬ್ಬಿಯ ಹಳೆಯ ಕಲ್ಲುಗಳಿಗೂ ನಂಬರ್ ಹಾಕಿ, ಜಾಗದ ಮುಂದೆ "ಗೊತ್ತಿಲ್ಲ" ಅಂತಲೇ ಬರೆಯಲಿ.